ನಿಂಬೆಹಣ್ಣು ಉರುಳುವ ಕಡೆ

ಆ ವರ್ಷ ನಮ್ಮ ಮನೆ ಪೂರ್ವಕ್ಕೆ ವಾಲಿತ್ತು. ಮಂಚದ ಒಂದು ಕಡೆಯ ಕಾಲುಗಳಿಗೆ ಇಟ್ಟಿಗೆ ಕೊಟ್ಟು ಮಲಗುತ್ತಿದ್ದೆವು. ದೋಸೆ ಹಿಟ್ಟು ಒಂದೇ ಕಡೆಗೆ ಹರಿದು ದಪ್ಪವಾಗುತ್ತದೆಂದು ಅತ್ತೆ ಹಿಟ್ಟು ಹುಯ್ದ ಕೂಡಲೇ ಕಾವಲಿಯನ್ನು ಅರ್ಧ ಸುತ್ತು ತಿರುಗಿಸುತ್ತಿದ್ದರು. ಕಂಪ್ಯೂಟರಿನ ಮುಂದಿನ ಕುರ್ಚಿಯನ್ನು ನಾನು ಕಿಟಕಿಯ ಸರಳಿಗೆ ಹಗ್ಗದಿಂದ ಕಟ್ಟಿದ್ದೆ. ಇಲ್ಲದಿದ್ದರೆ ಬರೆಯುತ್ತ ಬರೆಯುತ್ತಲೇ ಜಾರಿ ಬಚ್ಚಲಿನ ಬಾಗಿಲಿಗೆ ಹೋಗಿ ಸೇರುತ್ತಿದ್ದೆ. ಮನೆಗೆ ಬಂದವರು ಹೊಸಲು ದಾಟಿದೊಡನೆ ತಮಗರಿವಿಲ್ಲದೆ ಒಂದು ಭುಜ ಎತ್ತಿ ನಡೆಯುತ್ತಿದ್ದರು. ನಮಗೆ ಹಾಗಾಗುತ್ತಿದ್ದುದು ಬೀದಿಗೆ ಇಳಿದಾಗ.

ಊರ ನಡುವಿನ ದಿಬ್ಬದ ಮೇಲಿರುವ ಈ ಮನೆಯನ್ನು ಜರಡಿಮನೆ ಎನ್ನುತ್ತಾರೆ. ಇಲ್ಲಿ ಇರುವವರ ಕೆಲಸ ಊರಿಗೆ ಬರುವ ಫಾರ್ವರ್ಡ್ ಮೇಲ್‌ಗಳನ್ನು ಸೋಸುವುದು. ಯಾವುದು ನಿಜ, ಯಾವುದು ಸುಳ್ಳು, ಯಾವುದರಲ್ಲಿ ಎರಡೂ ಕಲೆತಿವೆ ಎಂದು ವಿಚಾರಿಸಿ, ಬರೆದು, ಬಾಗಿಲ ಪಕ್ಕದ ಹಲಗೆಗೆ ಅಂಟಿಸಬೇಕು. ಊರಿನವರಿಗೆಲ್ಲ ಮೇಲ್ ಕೂಡ ಮಾಡಬೇಕು. ದಿಬ್ಬದ ಪಶ್ಚಿಮಕ್ಕೆ ಕೊಡೆ ಪಕ್ಷದವರ ಬೀದಿಗಳು, ಪೂರ್ವಕ್ಕೆ ಏಣಿ ಪಕ್ಷದವರವು. ಸೋಸುವವರ ಮನಸ್ಸು ಯಾವ ಕಡೆಗೆ ಒಲಿಯುತ್ತದೋ ಮನೆ ಆ ಕಡೆಗೆ ವಾಲುತ್ತದೆ. ಪ್ರತಿ ಅಮಾವಾಸ್ಯೆಯ ಬೆಳಿಗ್ಗೆ ಎರಡು ಪಕ್ಷಗಳಿಂದಲೂ ಒಬ್ಬೊಬ್ಬರು ಬಂದು ನಡುಮನೆಯ ಮಧ್ಯದಲ್ಲಿ ನಿಂಬೆಹಣ್ಣೊಂದನ್ನು ಇಟ್ಟು ಕೈಬಿಡುತ್ತಾರೆ. ಅದು ಯಾವ ಗೋಡೆ ಮುಟ್ಟಿತೆಂದು ನೋಡುತ್ತಾರೆ. ಆಮೇಲೆ ಅದೇ ಹಣ್ಣಿನ ಪಾನಕ ಮಾಡಿಸಿಕೊಂಡು ಕುಡಿದು ಹೋಗುತ್ತಾರೆ. ಹಣ್ಣು ಗೋಡೆ ಮುಟ್ಟಿದ ಮಾತ್ರಕ್ಕೆ ಯಾರೂ ನಮ್ಮನ್ನು ಮನೆ ಬಿಡಿಸುವುದಿಲ್ಲ. ಎದುರು ಕಡೆಯವರು ನಮ್ಮ ಹಲಗೆ ಓದುವುದನ್ನು ಬಿಡುತ್ತಾರೆ, ಅಷ್ಟೆ.

ನನಗಿಂತ ಮುಂಚೆ ಇಲ್ಲಿದ್ದ ವೆಂಕೋಬಯ್ಯನವರಿಗೆ ಈ ತೊಂದರೆ ಇರಲಿಲ್ಲ. ಅವರು ಕೊಡೆಯವರದೊಂದು ಮೇಲ್ ಸುಳ್ಳೆಂದು ಬರೆದರೆ ಮಾರನೆಯ ದಿನ ತಪ್ಪದೆ ಏಣಿಯವರದೊಂದನ್ನು ಸುಳ್ಳೆಂದು ಬರೆಯುತ್ತಿದ್ದರು. ಆ ದಿನ ಸುಳ್ಳು ಸಿಗದಿದ್ದರೆ ನಿಜವನ್ನೇ ಒಂದಿಷ್ಟು ಅನುಮಾನಿಸುತ್ತಿದ್ದರು. ಅವರ ಕಾಲದಲ್ಲಿ ನಿಂಬೆಹಣ್ಣು ಇಟ್ಟಲ್ಲಿಂದ ಅಲುಗಲಿಲ್ಲವಂತೆ. ಆದರೆ ನಡುಮನೆಯ ನೆಲ ಅಡುಗೆಮನೆಯ ಹೊಸಲಿನಿಂದ ತಲೆಬಾಗಿಲವರೆಗೆ ಉದ್ದಕ್ಕೂ ಬಿರುಕು ಬಿಟ್ಟಿತು. ಈಗಲೂ ಅದರಲ್ಲಿ ಇರುವೆಗಳು ಮನೆ ಮಾಡಿಕೊಂಡಿವೆ.

ನಾನು ಹಾಗೆ ಮಾಡಬಾರದೆಂದುಕೊಂಡೇ ಬಂದವಳು. ನನ್ನದು ಸ್ವಲ್ಪ ಹೆದರುವ ಸ್ವಭಾವ. ಒಂದು ಪದ ಬರೆದು ಅದನ್ನು ಮೂರು ಸಲ ತೂಗಿ ನೋಡುತ್ತೇನೆ, ಗ್ಯಾಸ್ ಆರಿಸಿದ್ದೇನೋ ಇಲ್ಲವೋ ಎಂದು ಬೀದಿ ತುದಿಯಿಂದ ಹಿಂದಿರುಗಿ ಬರುತ್ತೇನೆ. ಇಂಥವಳಿಗೆ ಈ ಕೆಲಸ ಹೊಂದುತ್ತದೆಂದು ಊರಿನವರೇ ಹೇಳಿದ್ದರು. ನಾನು ಯಾವತ್ತೂ ಸುಳ್ಳನ್ನು ನಿಜವೆಂದು ಬರೆಯಲಿಲ್ಲ. ಆದರೂ ಮನೆ ತಿಂಗಳು ತಿಂಗಳೂ ಪೂರ್ವಕ್ಕೆ, ಅಂದರೆ ಏಣಿಯವರ ಕಡೆಗೆ, ವಾಲುತ್ತ ಹೋಯಿತು. ಕೊಡೆಯವರೇ ಹೆಚ್ಚು ಸುಳ್ಳು ಕಳಿಸಿದರೆ ನಾನೇನು ಮಾಡಲಿ ಎಂದು ನಾನು ವಾದಿಸುತ್ತಿದ್ದೆ. ನಮ್ಮವರು, ಅಂದರೆ ನನ್ನ ಗಂಡ, ವಾದಕ್ಕೆ ಹೋಗದೆ ಪಶ್ಚಿಮದ ಕೋಣೆಗೆ ಒರಳುಕಲ್ಲು, ರುಬ್ಬುಗುಂಡು, ಅಕ್ಕಿ ಮೂಟೆ ಎಲ್ಲವನ್ನೂ ಸಾಗಿಸಿ ಮನೆಯನ್ನು ಭಾರದಿಂದ ಎತ್ತಲು ನೋಡಿದರು. ಮನೆ ಕದಲಲಿಲ್ಲ. ಅವರ ಸೊಂಟ ಹಿಡಿಯಿತು.

ಈ ಓರೆಯಿಂದ ಉಪಕಾರವಾಗಿದ್ದು ಅತ್ತೆ ಚೆಲುವಾಜಮ್ಮನವರಿಗೆ ಮಾತ್ರ. ಅವರ ಎರಡು ಕಣ್ಣಿಗೂ ಪೊರೆ ಬಂದಿತ್ತು. ಒಂದರಲ್ಲಿ ಬೆಳಕು ಬಿಟ್ಟರೆ ಏನೂ ಕಾಣುತ್ತಿರಲಿಲ್ಲ, ಇನ್ನೊಂದರಲ್ಲಿ ಆಳು ಯಾರೆಂದು ತಿಳಿಯುವಷ್ಟು ಕಾಣುತ್ತಿತ್ತು. ಅವರು ಮನೆಯಲ್ಲಿ ಪಾದದ ಲೆಕ್ಕದಲ್ಲಿ ಓಡಾಡುತ್ತಿದ್ದರು. ಇಳಿಜಾರಿನ ಕಡೆಗೆ ಬಚ್ಚಲು, ಏರಿನ ಕಡೆಗೆ ದೇವರ ಕೋಣೆ, ಎರಡೂ ಅಲ್ಲದ ಕಡೆಗೆ ಅಡುಗೆಮನೆ. ಗೋಡೆ ಹಿಡಿಯುತ್ತಲೂ ಇರಲಿಲ್ಲ. ಹೊಸಬರಿಗೆ ಅವರ ಕಣ್ಣು ಮಂಜಾಗಿದೆಯೆಂದು ತಿಳಿಯುತ್ತಲೇ ಇರಲಿಲ್ಲ.

ಅತ್ತೆಯ ತವರು ಕೊಡೆಯವರ ಬೀದಿ. ಅಲ್ಲಿಂದ ಅವರಿಗೂ ಮೇಲ್‌ಗಳು ಬರುತ್ತಿದ್ದವು. ಅಕ್ಷರವನ್ನು ಪರದೆ ತುಂಬುವಷ್ಟು ದೊಡ್ಡದು ಮಾಡಿಕೊಂಡು, ಮೂಗು ತಾಗಿಸಿ, ಒಂದೊಂದೇ ಪದ ಓದುತ್ತಿದ್ದರು. ಹತ್ತು ಜನಕ್ಕೆ ಕಳಿಸದೆ ಅಳಿಸಿದವಳ ಎಮ್ಮೆ ಬತ್ತಿತು ಎಂಬಂಥದ್ದನ್ನು ಓದಿ ನಕ್ಕು, ನಮಗೆ ಎಮ್ಮೆ ಇಲ್ಲವಲ್ಲ ಎಂದು ಅಳಿಸುತ್ತಿದ್ದರು. ಅಷ್ಟು ತಿಳಿವಳಿಕೆ ಅವರಿಗಿತ್ತು. ಅದಕ್ಕೇ ಮುಂದಿನದು ನನಗೆ ಹೆಚ್ಚು ಹೆದರಿಕೆ ತಂದಿತು.

ಪ್ರತಿ ವರ್ಷ ಮಾಗಿಯಲ್ಲಿ ಏಣಿಯವರು ಛತ್ರದಲ್ಲಿ ಕಣ್ಣಿನ ಶಿಬಿರ ನಡೆಸುತ್ತಾರೆ. ದೂರದ ದೊಡ್ಡಾಸ್ಪತ್ರೆಯಿಂದ ಡಾಕ್ಟರುಗಳು ಬರುತ್ತಾರೆ. ಹಿಂದಿನ ಮಳೆಗಾಲದಲ್ಲಿ ಅತ್ತೆಯನ್ನು ಪರೀಕ್ಷಿಸಿದ್ದ ಡಾಕ್ಟರು, ಪೊರೆ ಗಟ್ಟಿಯಾಗಿದೆ, ಈ ಸಲ ತೆಗೆಸದಿದ್ದರೆ ಒಳಗಿನ ಒತ್ತಡ ಏರಿ ಕಣ್ಣೇ ಹೋಗುತ್ತದೆ, ಆಮೇಲೆ ಯಾರಿಂದಲೂ ಆಗುವುದಿಲ್ಲ ಎಂದಿದ್ದರು. ಅತ್ತೆ ಒಪ್ಪಿ ಹೆಸರೂ ಬರೆಸಿದ್ದರು. ಶಿಬಿರಕ್ಕೆ ವಾರವಿದೆ ಎನ್ನುವಾಗ ಆ ಮೇಲ್ ಬಂತು. ಏಣಿ ಶಿಬಿರದಲ್ಲಿ ಕಳೆದ ವರ್ಷ ನಲವತ್ತು ಜನರ ಕಣ್ಣು ಹೋಗಿದೆ, ಅಲ್ಲಿಗೆ ಬರುವವರು ದನದ ಡಾಕ್ಟರುಗಳು, ಕೊಡೆಯವರ ಬೀದಿಯವರೆಂದು ತಿಳಿದರೆ ಬೇಕೆಂದೇ ಕಣ್ಣು ಕೆಡಿಸುತ್ತಾರೆ, ನಿಮ್ಮ ತಾಯಂದಿರನ್ನು ಕಾಪಾಡಿ, ಎಲ್ಲರಿಗೂ ಕಳಿಸಿ. ಅತ್ತೆ ಅದನ್ನು ಓದಿ ಮುಗಿಸಿ, ಕುರ್ಚಿಯ ಹಗ್ಗ ಸಡಿಲಿಸಿ ಎದ್ದು, ನನ್ನ ಹೆಸರು ಹೊಡೆಸಿಬಿಡು ಎಂದರು. ದೊಡ್ಡಾಸ್ಪತ್ರೆಗೇ ಹೋಗೋಣವೆಂದರೆ ಅಲ್ಲಿರುವವರೂ ಅವರೇ ತಾನೆ ಎಂದರು.

ಇದು ಸುಳ್ಳೆಂದು ಸಂಜೆಯೊಳಗೆ ಬರೆದು ತೋರಿಸುತ್ತೇನೆ ಎಂದೆ.

"ನೀನು ಬರೀತೀಯ, ನಂಗೊತ್ತು," ಎಂದರು ಅತ್ತೆ. ಸಿಟ್ಟಿರಲಿಲ್ಲ. "ಕೊಡೆಯವರದ್ದು ಅಂದ್ರೆ ನೀನು ಓದೋಕೆ ಮುಂಚೇನೇ ನಿನ್ನ ಉಸಿರು ಬದಲಾಗುತ್ತೆ, ಮಂದಾ. ನಂಗೆ ಕಣ್ಣು ಕಾಣ್ದಿದ್ರೂ ಕಿವಿ ಕೇಳುತ್ತೆ. ಕಾಲಿಗೆ ನೆಲಾನೂ ಗೊತ್ತಾಗುತ್ತೆ."

ನನಗೆ ಅವಮಾನವಾಯಿತು. ಆ ಹೊತ್ತೇ ಹೊರಟು ಏಣಿಯವರ ಬೀದಿಗೆ ಹೋದೆ. ಶಿಬಿರದ ಉಸ್ತುವಾರಿ ಇಂದ್ರಾಣಿಯದು. ಕಾಲೇಜಿನಲ್ಲಿ ನನಗಿಂತ ಒಂದು ವರ್ಷ ಮುಂದಿದ್ದವಳು, ಮಾತಿಗೆ ಮೊದಲು ಕಾಫಿ ಕೊಡುವವಳು. ಮೇಲ್ ತೋರಿಸಿದಾಗ ನಕ್ಕಳು. ದನದ ಡಾಕ್ಟರಂತೆ, ನಮ್ಮ ಊರಿನ ದನಗಳಿಗೇ ಡಾಕ್ಟರಿಲ್ಲ ಎಂದಳು. ಬಂದವರ ಹೆಸರು, ಓದು, ಆಸ್ಪತ್ರೆಯ ಕಾಗದ ಎಲ್ಲವನ್ನೂ ತೋರಿಸಿದಳು. ಒಬ್ಬರಿಗೂ ಏನೂ ಆಗಿಲ್ಲ ಎಂದಳು. ಮನೆಗೆ ಬಂದು ಕುರ್ಚಿಗೆ ಕೂತು 'ಇದು ಅಪ್ಪಟ ಸುಳ್ಳು' ಎಂದು ಬರೆದೆ. ಸರಾಗವಾಗಿ ಬಂತು. ಅಷ್ಟು ಸರಾಗವಾಗಿ ಬಂದದ್ದೇ ನನ್ನನ್ನು ತಡೆಯಿತು.

ಇದೇ ಮಾತು ಕೊಡೆಯವರು ನಡೆಸುವ ಶಿಬಿರದ ಬಗ್ಗೆ ಬಂದಿದ್ದರೆ ನಾನು ಒಂದು ಲೋಟ ಕಾಫಿ ಕುಡಿದು ಮರಳುತ್ತಿದ್ದೆನೇ? ಇಲ್ಲ. ಹತ್ತು ಮನೆ ಹತ್ತಿ ಇಳಿಯುತ್ತಿದ್ದೆ. ಹಿಂದೆ ಬರೆದವುಗಳನ್ನು ತೆಗೆದು ಓದಿದೆ. ಕೊಡೆಯವರ ಸುಳ್ಳಿಗೆಲ್ಲ 'ಅಪ್ಪಟ ಸುಳ್ಳು' ಎಂದಿದ್ದೆ. ಏಣಿಯವರ ಸುಳ್ಳಿಗೆ 'ಸ್ವಲ್ಪ ಉತ್ಪ್ರೇಕ್ಷೆಯಿದೆ' ಎಂದಿದ್ದೆ. ಬರೆದದ್ದು ಯಾವುದೂ ತಪ್ಪಲ್ಲ. ಆದರೆ ಸಿಟ್ಟು ಬರಿಸಿದ ಮೇಲ್‌ಗಳನ್ನು ಬೆಳಿಗ್ಗೆಯೇ ಸೋಸಲು ಕೂರುತ್ತಿದ್ದೆ. ನಗು ಬರಿಸಿದವು, ಹಾಯೆನಿಸಿದವು, ಮೇಲ್‌ಪೆಟ್ಟಿಗೆಯ ತಳದಲ್ಲೇ ಉಳಿದಿದ್ದವು. ಬರೆದದ್ದನ್ನು ಅಳಿಸಿದೆ. ಮಾರನೆಯ ಬೆಳಿಗ್ಗೆ ಚಪ್ಪಲಿ ಮೆಟ್ಟಿ, ಆ ಮೇಲ್ ಬಂದ ದಾರಿಯಲ್ಲೇ ಹಿಂದಕ್ಕೆ ಹೊರಟೆ.

ಅತ್ತೆಗೆ ಕಳಿಸಿದ್ದು ಅವರ ತಮ್ಮನ ಮಗಳು. ಅವಳಿಗೆ ಕಳಿಸಿದ್ದು ಬಳೆ ಅಂಗಡಿಯಾಕೆ. ಆಕೆಯ ಕೈಗೆ ಬಂದಾಗ ದನದ ಡಾಕ್ಟರಿದ್ದರು, ಬೇಕೆಂದೇ ಕೆಡಿಸುವ ಮಾತಿರಲಿಲ್ಲ. ಅದನ್ನು ಸೇರಿಸಿದ್ದು ತಾನೇ ಎಂದು ಆಕೆ ಸಂಕೋಚವಿಲ್ಲದೆ ಹೇಳಿದಳು, ಸುಮ್ಮನೆ ಕಳಿಸಿದರೆ ಯಾರೂ ಓದುವುದಿಲ್ಲವಲ್ಲ. ಆಕೆಗೆ ಕಳಿಸಿದವನಿಗೆ ಬಂದ ಪ್ರತಿಯಲ್ಲಿ ದನದ ಡಾಕ್ಟರೂ ಇರಲಿಲ್ಲ. ಅದಕ್ಕೂ ಹಿಂದೆ ಹೋದಂತೆ ನಲವತ್ತು ಹತ್ತಾಯಿತು, ಹತ್ತು ಕೆಲವರಾಯಿತು. ಹೂವನ್ನು ಎಸಳೆಸಳಾಗಿ ಕಿತ್ತಂತೆ ಮಾತು ಸಣ್ಣದಾಗುತ್ತ ಹೋಯಿತು. ನನಗೆ ಒಳಗೊಳಗೇ ಸಂತೋಷ, ಕೊನೆಗೆ ಏನೂ ಉಳಿಯುವುದಿಲ್ಲ ಎಂದು. ಆದರೆ ಕೊನೆಯಲ್ಲಿ ಒಂದು ಉಳಿಯಿತು. ಪರಶಿವ ಎಂಬ ಬಡಗಿ ತನ್ನ ಷಡ್ಡಕನಿಗೆ ಬರೆದಿದ್ದ ಎರಡೇ ಸಾಲು: ನಮ್ಮ ಅತ್ತೆಗೆ ಆ ಶಿಬಿರದಲ್ಲಿ ಮಾಡಿಸಿದ ಕಣ್ಣು ಕೀವಾಗಿ ಬಹಳ ಕಷ್ಟಪಟ್ಟರು, ನೀವು ಯೋಚಿಸಿ ಕರೆದುಕೊಂಡು ಹೋಗಿ.

ಪರಶಿವನ ಅತ್ತೆ ಚಂಪಕಮ್ಮ ಜಗಲಿಯ ಮೇಲೆ ಕೂತು ರವಿಕೆಗಳಿಗೆ ಹುಕ್ಕು ಹೊಲಿಯುತ್ತಿದ್ದರು. ಸೂಜಿಯನ್ನು ಎಡಗಣ್ಣಿನ ಹತ್ತಿರ ಹಿಡಿದಿದ್ದರು. ಬಲಗಣ್ಣು ಸ್ವಲ್ಪ ಚಿಕ್ಕದಾಗಿತ್ತು. ಆಪರೇಷನ್ ಚೆನ್ನಾಗಿಯೇ ಆಗಿತ್ತಂತೆ. ಮೂರನೆಯ ದಿನ ಹಬ್ಬವೆಂದು ತಲೆಗೆ ನೀರು ಹಾಕಿಕೊಂಡರು. ಹಾಕಿಕೊಳ್ಳಬಾರದೆಂದು ಯಾರೂ ಹೇಳಿರಲಿಲ್ಲ. ಅಥವಾ ಹೇಳಿದ್ದರೆ ಆ ಗದ್ದಲದಲ್ಲಿ ಕೇಳಿಸಿರಲಿಲ್ಲ. ಕೀವಾದಾಗ ಶಿಬಿರದವರೇ ದೊಡ್ಡಾಸ್ಪತ್ರೆಗೆ ಕರೆದೊಯ್ದು ತಿಂಗಳು ಇಟ್ಟು ನೋಡಿಕೊಂಡರು. ಕಣ್ಣು ಉಳಿಯಿತು, ದೃಷ್ಟಿ ಅರ್ಧ ಬಂತು. ವಿಷಯ ಯಾರಿಗೂ ಹೇಳಬೇಡಿ ಎಂದು ಕೇಳಿಕೊಂಡರಂತೆ. ಇವರೂ ಹೇಳಲಿಲ್ಲ.

ಬರೆಯಬಹುದೇ ಎಂದು ಕೇಳಿದೆ. ಅವರು ದಾರವನ್ನು ಹಲ್ಲಿನಿಂದ ಕಡಿದರು.

"ಬರಕೊಳ್ಳಿ ತಾಯಿ, ಹೆಸರು ಹಾಕಬೇಡಿ. ಆದದ್ದನ್ನ ಆದಂಗೆ ಬರೀರಿ. ನನ್ನ ಕಣ್ಣನ್ನ ಕೊಡೆಯವರ ಕೈಗೂ ಕೊಡಬೇಡಿ, ಏಣಿಯವರ ಕೈಗೂ ಕೊಡಬೇಡಿ."

ಮತ್ತೆ ಇಂದ್ರಾಣಿಯ ಮನೆಗೆ ಹೋದೆ. ಈ ಸಲ ಕಾಫಿಗೆ ಮುಂಚೆಯೇ ಕೇಳಿದೆ. ಅವಳು ಅಲ್ಲಗಳೆಯಲಿಲ್ಲ. ನೂರಾರು ಜನ ಕಣ್ಣು ಪಡೆದರು, ಒಬ್ಬರಿಗೆ ಹೀಗಾಯಿತು, ಅದನ್ನು ಬರೆದರೆ ಈ ವರ್ಷ ಛತ್ರ ಖಾಲಿ ಬೀಳುತ್ತದೆ ಎಂದಳು. ಆಮೇಲೆ ತಗ್ಗಿದ ದನಿಯಲ್ಲಿ ಹೇಳಿದಳು: "ಮೊದಲು ನಿಮ್ಮ ಅತ್ತೆಯೇ ಬರಲ್ಲ. ಯೋಚನೆ ಮಾಡಿ ಬರಿ, ಮಂದಾಕಿನಿ."

ನಾನು ಯೋಚಿಸದೆ ಇದ್ದೆನೇ? ಅವಳ ಮನೆಯಿಂದ ದಿಬ್ಬದವರೆಗೂ ಅದೊಂದೇ ಯೋಚನೆ. ಇಲ್ಲವೆಂದು ಬರೆದರೆ ಅತ್ತೆ ನಂಬುವುದಿಲ್ಲ. ಹೌದೆಂದು ಬರೆದರೆ ನಂಬಿ ಮನೆಯಲ್ಲೇ ಉಳಿಯುತ್ತಾರೆ. ಎರಡರಲ್ಲೂ ಕಣ್ಣು ಹೋಗುತ್ತದೆ. ಆದರೆ ಎರಡನೆಯದರಲ್ಲಿ ಅದನ್ನು ನನ್ನ ಕೈಯಾರೆ ಮಾಡಿದಂತಾಗುತ್ತದೆ. ಮನೆಗೆ ಬಂದು ಕೈಕಾಲು ತೊಳೆದು, ಅಕ್ಕಿ ತೊಳೆದಿಟ್ಟು, ಮಡಿಸಿದ್ದ ಬಟ್ಟೆಗಳನ್ನೇ ಮತ್ತೆ ಮಡಿಸಿದೆ. ಕುರ್ಚಿಗೆ ಕೂರಲು ಧೈರ್ಯ ಬರಲಿಲ್ಲ. ಕೊನೆಗೆ ನಮ್ಮವರು ಹಗ್ಗವನ್ನು ಇನ್ನಷ್ಟು ಬಿಗಿದು ಕಟ್ಟಿಕೊಟ್ಟು, "ಕೂತ್ಕೋ, ಬೀಳಲ್ಲ," ಎಂದರು.

ಹೀಗೆ ಬರೆದೆ. ಕಳೆದ ವರ್ಷ ಶಿಬಿರದಲ್ಲಿ ನಲವತ್ತು ಕಣ್ಣು ಹೋಗಿದೆ ಎಂಬುದು ಸುಳ್ಳು. ಬಂದವರು ಕಣ್ಣಿನ ಡಾಕ್ಟರುಗಳೇ. ಯಾರ ಕಣ್ಣನ್ನೂ ಬೇಕೆಂದು ಕೆಡಿಸಲಿಲ್ಲ. ಆದರೆ ಒಬ್ಬರಿಗೆ ಕೀವಾಗಿ ಅರ್ಧ ದೃಷ್ಟಿ ಹೋದದ್ದು ನಿಜ. ತಲೆಗೆ ನೀರು ಹಾಕಿಕೊಳ್ಳಬಾರದೆಂದು ಅವರಿಗೆ ತಿಳಿಯುವಂತೆ ಹೇಳಿರಲಿಲ್ಲ. ಶಿಬಿರದವರು ಅವರನ್ನು ಚೆನ್ನಾಗಿ ನೋಡಿಕೊಂಡರು. ವಿಷಯವನ್ನು ಮುಚ್ಚಿಟ್ಟರು. ನಾನೂ ಮೊದಲ ದಿನ ಅವರ ಮಾತನ್ನಷ್ಟೇ ಕೇಳಿ ಏನೂ ಆಗಿಲ್ಲವೆಂದು ಬರೆಯುವುದರಲ್ಲಿದ್ದೆ. 'ಅಪ್ಪಟ' ಎಂಬ ಪದವನ್ನು ಎಲ್ಲಿಯೂ ಬಳಸಲಿಲ್ಲ. ಹಲಗೆಗೆ ಅಂಟಿಸಿ, ಊರಿಗೆಲ್ಲ ಕಳಿಸಿ, ಒಳಗೆ ಬಂದು ದೀಪ ಹಚ್ಚಿದೆ.

ಆಗ ಅತ್ತೆ ದೇವರ ಕೋಣೆಯಿಂದ ಬಚ್ಚಲಿಗೆ ಹೊರಟರು. ಎಂದಿನಂತೆ ಕೈ ಬೀಸಿಕೊಂಡು, ಪಾದವನ್ನೇ ನಂಬಿ. ನಡುಮನೆಯ ಮಧ್ಯಕ್ಕೆ ಬಂದವರು ನಿಂತರು. ಒಂದು ಹೆಜ್ಜೆ ಅತ್ತ ಇಟ್ಟರು, ಇತ್ತ ಇಟ್ಟರು. ಆಮೇಲೆ ಎರಡೂ ಕೈ ಮುಂದೆ ಚಾಚಿದರು. ಅವರು ಮನೆಯೊಳಗೆ ಹಾಗೆ ಕೈ ಚಾಚಿದ್ದನ್ನು ನಾನು ನೋಡಿರಲೇ ಇಲ್ಲ. ಓಡಿಹೋಗಿ ಹಿಡಿದುಕೊಂಡೆ.

"ಮಂದಾ, ಇಳಿಜಾರು ಎಲ್ಲೇ?" ಎಂದರು.

ನನಗೆ ಅದುವರೆಗೆ ತಿಳಿದಿರಲಿಲ್ಲ. ದೀಪದ ಎಣ್ಣೆ ನೋಡಿದೆ. ಹಣತೆಯ ಅಂಚಿಗೆ ಸುತ್ತಲೂ ಹೆಚ್ಚುಕಡಿಮೆ ಒಂದೇ ಎತ್ತರದಲ್ಲಿತ್ತು.

ಅತ್ತೆ ನನ್ನ ಕೈ ಬಿಡದೆ ಅಲ್ಲೇ ನೆಲದ ಮೇಲೆ ಕೂತರು. ಏನು ಬರೆದೆ, ಓದು ಎಂದರು. ಓದಿದೆ. ಕೀವಾದ ಸಾಲು ಬಂದಾಗ ನನ್ನ ದನಿ ಸಣ್ಣದಾಯಿತು. ಆ ಸಾಲನ್ನು ಮತ್ತೊಮ್ಮೆ ಓದಿಸಿದರು. ಯಾರದು ಆ ಕಣ್ಣು ಎಂದು ಕೇಳಿದರು. ಹೆಸರು ಹೇಳುವುದಿಲ್ಲವೆಂದು ಮಾತು ಕೊಟ್ಟಿದ್ದೇನೆ ಎಂದೆ. ಸರಿ, ಕೊಟ್ಟಿದ್ದರೆ ಹೇಳಬೇಡ ಎಂದರು. ಅಂಗೈಯಿಂದ ನೆಲ ಸವರಿದರು. ಅವರ ಹೆಸರನ್ನು ನಾಳೆ ಹೊಡೆಸಿ ಬರಬೇಕಾಗುತ್ತದೆ ಎಂದುಕೊಂಡೆ.

"ಆಪರೇಷನ್ ಆದ್ಮೇಲೆ ಎಷ್ಟು ದಿನ ತಲೆಗೆ ನೀರು ಹಾಕಬಾರದು?" ಎಂದು ಕೇಳಿದರು ಅತ್ತೆ.

ನನಗೆ ತಿಳಿಯದು ಎಂದೆ.

"ಕೇಳಿಕೊಂಡು ಬಾ. ನಲವತ್ತು ಅಂದಾಗ ನಂಗೆ ಹೆದರಿಕೆಯಾಗಿತ್ತು. ನೀನು ಒಂದೂ ಇಲ್ಲ ಅಂದಿದ್ರೆ ಇನ್ನೂ ಹೆದರಿಕೆಯಾಗ್ತಿತ್ತು. ಒಂದು ಅಂದ್ಯಲ್ಲ. ಒಂದು ಅಂದ್ರೆ ಹುಷಾರಾಗಿರಬಹುದು ಕಣೆ." ಆಮೇಲೆ ಏಳಲು ಕೈ ಚಾಚಿ, "ಈಗ ಬಚ್ಚಲಿಗೆ ಕರಕೊಂಡು ಹೋಗು. ನನ್ನ ದಾರಿ ಕೆಡಿಸಿಬಿಟ್ಟೆ," ಎಂದರು.

ನನಗೆ ಅಳು ಬಂತು. ಸದ್ದು ಬಾರದಂತೆ ಸೆರಗು ಬಾಯಿಗೆ ಒತ್ತಿಕೊಂಡಿದ್ದೆ. ಅವರಿಗೆ ಕಿವಿ ಕೇಳುತ್ತದೆಂಬುದು ಮರೆತೇಹೋಗಿತ್ತು. ಬಚ್ಚಲ ಬಾಗಿಲಿನಲ್ಲಿ ಅವರು ನನ್ನ ತಲೆ ಸವರಿ ಒಳಗೆ ಹೋದರು.

ಇಂದ್ರಾಣಿ ಎರಡು ದಿನ ನನ್ನೊಡನೆ ಮಾತಾಡಲಿಲ್ಲ. ಕೊಡೆಯವರು ನಾನು ಬರೆದದ್ದರಲ್ಲಿ ಕೀವಿನ ಸಾಲನ್ನು ಮಾತ್ರ ಕತ್ತರಿಸಿಕೊಂಡು ಎಲ್ಲೆಡೆ ಕಳಿಸಿದರು. ಅದರ ಕೆಳಗೆ ಪೂರ್ತಿ ಬರಹವನ್ನು ಅಂಟಿಸಿ ನಾನು ಮತ್ತೆ ಕಳಿಸಿದೆ. ಶಿಬಿರದ ದಿನ ಛತ್ರ ಖಾಲಿಯಿರಲಿಲ್ಲ. ತುಂಬಿಯೂ ಇರಲಿಲ್ಲ. ಬಂದವರೆಲ್ಲ ಸಾಲಿನಲ್ಲಿ ನಿಂತು ಒಂದೇ ಪ್ರಶ್ನೆ ಕೇಳುತ್ತಿದ್ದರು, ನೀರು ಹಾಕಬಾರದಂತಲ್ಲ, ಎಷ್ಟು ದಿನ? ಕೇಳಿ ಕೇಳಿ ಸಾಕಾಗಿ ಇಂದ್ರಾಣಿ ಬೆಂಚಿನ ಮೇಲೆ ಹತ್ತಿ ನಿಂತು ಜೋರಾಗಿ ಹೇಳತೊಡಗಿದಳು: ತಲೆಗೆ ನೀರಿಲ್ಲ, ಒಲೆಯ ಹೊಗೆಯಿಲ್ಲ, ಕಣ್ಣು ಉಜ್ಜುವಂತಿಲ್ಲ, ಹನಿ ಹಾಕುವವರು ಕೈ ತೊಳೆದೇ ಹಾಕಬೇಕು. ಗಂಟೆಗೊಮ್ಮೆ ಹೇಳಿದಳು. ಅವಳ ಗಂಟಲು ಕಟ್ಟಿತು. ಹಿಂದಿನ ಬಾಗಿಲ ಹತ್ತಿರ ಚಂಪಕಮ್ಮ ಹುಕ್ಕಿನ ಡಬ್ಬಿ ಹಿಡಿದು ನಿಂತು ಕೇಳುತ್ತಿದ್ದರು. ನನ್ನನ್ನು ಕಂಡು ಗುರುತಿಲ್ಲದವರಂತೆ ತಿರುಗಿಕೊಂಡರು. ನಾನೂ ಹಾಗೇ ಮಾಡಿದೆ.

ಅತ್ತೆಗೂ ಆಪರೇಷನ್ ಆಯಿತು. ಅವರ ಕಣ್ಣಿಗೆ ಹನಿ ಹಾಕುವ ಹೊತ್ತಿಗೆಲ್ಲ ನಾನು ಕೈಯನ್ನು ಚರ್ಮ ಬಿಳಿಚುವಂತೆ ತೊಳೆದೆ. ಕಣ್ಣಿನ ಅಂಚು ಕೆಂಪಾಗಿದೆಯೋ ಎಂದು ಬೆಳಕು ಹಿಡಿದು ಹಿಡಿದು ನೋಡಿ ಅವರಿಂದ ಬೈಸಿಕೊಂಡೆ. ಕೆಂಪಾಗಲಿಲ್ಲ. ಈ ವರ್ಷ ಊರಿನಲ್ಲಿ ಯಾರ ಕಣ್ಣೂ ಕೆಂಪಾಗಲಿಲ್ಲ. ಇದನ್ನು ನಾನು ಇಂದ್ರಾಣಿಯಿಂದ ಕೇಳಿ ಬರೆಯುತ್ತಿಲ್ಲ. ಮನೆ ಮನೆ ಹತ್ತಿ ಇಳಿದು ನೋಡಿ ಬಂದಿದ್ದೇನೆ.

ಅಮಾವಾಸ್ಯೆಯ ಬೆಳಿಗ್ಗೆ ಕೊಡೆಯವರ ಕಡೆಯಿಂದ ರುದ್ರಾಚಾರರು, ಏಣಿಯವರ ಕಡೆಯಿಂದ ಇನ್ನೂ ಗಂಟಲು ಸರಿಹೋಗದ ಇಂದ್ರಾಣಿ ಬಂದರು. ಇಬ್ಬರೂ ತಂತಮ್ಮ ಗೋಡೆಗೆ ಒರಗಿ ಕೂತರು. ರುದ್ರಾಚಾರರು ಒಳಗೆ ಬರುವಾಗ ಅಭ್ಯಾಸಬಲದಿಂದ ಒಂದು ಭುಜ ಎತ್ತಿ, ನೆಲ ಸಮವಾಗಿರುವುದು ತಿಳಿದು, ಎಡವಿದರು. ಅತ್ತೆ ಕಪ್ಪು ಕನ್ನಡಕ ತೆಗೆದಿಟ್ಟು ಅಡುಗೆಮನೆಯ ಹೊಸಲಿನ ಮೇಲೆ ಕೂತಿದ್ದರು. ನಾನು ಎಂದಿನಂತೆ ಕಂಬ ಹಿಡಿದು ನಿಂತೆ. ನಿಂಬೆಹಣ್ಣನ್ನು ನಡುವೆ ಇಟ್ಟು ಕೈಬಿಟ್ಟರು. ಅದು ಒಂದು ಕ್ಷಣ ಹಾಗೇ ಇತ್ತು. ಆಮೇಲೆ ನಿಧಾನವಾಗಿ ಪೂರ್ವಕ್ಕೆ ಒಂದು ಸುತ್ತು ಹೊರಳಿತು. ರುದ್ರಾಚಾರರು ಗಂಟಲು ಸರಿಪಡಿಸಿಕೊಂಡರು. ಹಣ್ಣು ವೆಂಕೋಬಯ್ಯನವರ ಬಿರುಕಿನ ಅಂಚಿಗೆ ತಾಗಿ ಪಶ್ಚಿಮಕ್ಕೆ ಮರಳಿತು. ಈಗ ಇಂದ್ರಾಣಿ ಮುಂದಕ್ಕೆ ಬಾಗಿದಳು.

ಅಷ್ಟರಲ್ಲಿ ಒಂದು ಕೈ ಬಂದು ಅದನ್ನು ಎತ್ತಿಕೊಂಡಿತು. ಅತ್ತೆ ಯಾವಾಗ ಎದ್ದು ಬಂದಿದ್ದರೋ ನಾವು ಯಾರೂ ನೋಡಿರಲಿಲ್ಲ.

ಅದು ಇನ್ನೂ ನಿಂತಿರಲಿಲ್ಲವಲ್ಲ ಎಂದು ರುದ್ರಾಚಾರರು ಆಕ್ಷೇಪಿಸಿದರು. ತಮ್ಮ ಕಡೆಗೇ ಬರುತ್ತಿತ್ತು ಎಂದರು. ಮೊದಲು ಹೊರಳಿದ್ದು ನಮ್ಮ ಕಡೆಗೆ ಎಂದು ಇಂದ್ರಾಣಿ ಕೂತ ದನಿಯಲ್ಲಿ ಹೇಳಿದಳು. ಹಾಗಾದರೆ ಮನೆ ಯಾರ ಕಡೆ ವಾಲಿದೆಯೆಂದು ಬರೆದುಕೊಳ್ಳುವುದು ಎಂಬ ಮಾತು ಬೆಳೆಯಿತು. ಅತ್ತೆ ಅವರಿಬ್ಬರ ಮಾತಿಗೆ ಕಿವಿಗೊಡದೆ ಹಣ್ಣನ್ನು ಕಿಟಕಿಯ ಬೆಳಕಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡುತ್ತಿದ್ದರು.

"ಕಾಣಿಸ್ತು, ಎತ್ತಿಕೊಂಡೆ," ಎಂದರು. "ಹಳದಿ ಅಂದ್ರೆ ಇಷ್ಟು ಹಳದಿ ಅನ್ನೋದೇ ಮರ್ತುಹೋಗಿತ್ತು ನಂಗೆ."

ಇನ್ನೊಮ್ಮೆ ಉರುಳಿಸೋಣವೆಂದು ಯಾರಾದರೂ ಹೇಳುವಷ್ಟರಲ್ಲಿ ಅತ್ತೆ ಅದನ್ನು ಕೊಯ್ದೇಬಿಟ್ಟಿದ್ದರು. ಬೆಲ್ಲ ಕದಡಿ, ಏಲಕ್ಕಿ ಕುಟ್ಟಿ, ಲೋಟಗಳಿಗೆ ತಾವೇ ಸುರಿದರು, ಒಂದು ಹನಿ ಚೆಲ್ಲದೆ. ಪಾನಕದ ಮೇಲ್ಮೈ ಯಾವ ಕಡೆಗೆ ಓರೆಯಾಗಿದೆ ಎಂದು ಮೊದಲು ನೋಡಿ ಆಮೇಲೆ ತುಟಿಗಿಡುವುದು ಈ ಮನೆಗೆ ಬಂದಂದಿನಿಂದ ನನ್ನ ಅಭ್ಯಾಸ. ಆ ದಿನ ಬಾಯಾರಿಕೆಯಾಗಿತ್ತು. ನೋಡುವುದು ನೆನಪಾಗುವಷ್ಟರಲ್ಲಿ ಲೋಟ ಖಾಲಿಯಾಗಿತ್ತು.